ಅಂವ ನೀರು ಎಲ್ಲಿಂದ ತರ್ತಿದ್ದ? – ಯಳವತ್ತಿಯಲ್ಲಿ ಕಾರ್ಲೋ ಲೇವಿಯನ್ನು ಓದಿದ್ದು

1

ಒಂದು ಪುಸ್ತಕವನ್ನು ಎಲ್ಲಿ ಕೂತು ಓದುತ್ತೇವೆ ಎನ್ನುವುದು ಸಣ್ಣ ಸಂಗತಿಯಲ್ಲ. ಇಟಲಿಯ ಕಾರ್ಲೋ ಲೇವಿ ಬರೆದ ‘ಕ್ರೈಸ್ಟ್ ಸ್ಟಾಪ್ಡ್ ಅಟ್ ಎಬೋಲಿ’ಯನ್ನು ನಾನು ಮೊದಲ ಸಲ ಇಂಗ್ಲಿಷ್ ಅನುವಾದದಲ್ಲಿ ಓದಿದ್ದು ಧಾರವಾಡದ ಹಾಸ್ಟೆಲ್ಲಿನಲ್ಲಿ. ಆಗ ಅದು ನನಗೆ ಫ್ಯಾಸಿಸಂ ವಿರುದ್ಧದ ಪುಸ್ತಕವಾಗಿತ್ತು. ಸರಕಾರ ಒಬ್ಬ ಬುದ್ಧಿಜೀವಿಯನ್ನು ಗಡಿಪಾರು ಮಾಡುತ್ತದೆ, ಅವನು ಹಳ್ಳಿಯ ರೈತರಲ್ಲಿ ತನ್ನ ದೇಶವನ್ನು ಕಾಣುತ್ತಾನೆ. ಇಷ್ಟೇ ನನಗೆ ಕಂಡದ್ದು. ಎರಡನೆಯ ಸಲ ಓದಿದ್ದು ನಮ್ಮ ಯಳವತ್ತಿಯಲ್ಲಿ, ಬೇಸಿಗೆಯಲ್ಲಿ, ಕೇರಿಯ ಬೇವಿನ ಗಿಡದ ಕೆಳಗೆ. ಪುಸ್ತಕ ಕೈಯಲ್ಲಿ ಹಿಡಿದು ಕೂತವನನ್ನು ನಮ್ಮ ಆಯಿ ಕೇಳಿದಳು, ‘ಏನ್ ಓದಾಕತ್ತೀಯೋ ತಮ್ಮಾ, ಅಷ್ಟ ಮನಸ್ಸು ಕೊಟ್ಟು?’ ನಾನು ಕಥೆ ಹೇಳಿದೆ. ದೊಡ್ಡ ಪಟ್ಟಣದ ಡಾಕ್ಟರ, ಚಿತ್ರ ಬರೆಯುವವ, ಸರಕಾರದ ವಿರುದ್ಧ ಮಾತಾಡಿದ್ದಕ್ಕೆ ಹಿಡಿದು ದೂರದ ಬಡ ಹಳ್ಳಿಗೆ ತಂದು ಬಿಟ್ಟರು, ಊರು ಬಿಟ್ಟು ಹೋಗುವ ಹಂಗಿಲ್ಲ ಎಂದೆ. ಆಯಿ ಎಲೆಅಡಿಕೆ ಜಗಿಯುತ್ತ ಕೇಳಿದ್ದು ಎರಡೇ ಪ್ರಶ್ನೆ: ‘ಅಂವ ಊರಾಗ ಇದ್ನೋ ಕೇರ್ಯಾಗ ಇದ್ನೋ? ನೀರು ಎಲ್ಲಿಂದ ತರ್ತಿದ್ದ?’

ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಸ್ಟೆಲ್ಲಿನಲ್ಲಿ ಓದುವಾಗ ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ ಎಂಬುದು ನಾಚಿಕೆಯ ಸಂಗತಿ. ಎಂ.ಎ. ಓದಿದ ನಾನು ಪುಸ್ತಕವನ್ನು ಮೇಷ್ಟ್ರ ಕಣ್ಣಿನಿಂದ ಓದಿದ್ದೆ. ಓದು ಬರಹ ಬಾರದ ಆಯಿ ಕೇರಿಯ ಕಣ್ಣಿನಿಂದ ಕೇಳಿದಳು. ದಲಿತ ವಿಮರ್ಶೆ ಎಂದು ನಾವು ಈಗ ಕರೆಯುತ್ತಿರುವುದು ಈ ಎರಡು ಪ್ರಶ್ನೆಗಳಿಗಿಂತ ಬಹಳ ದೂರವೇನಿಲ್ಲ ಎಂದು ನನಗನ್ನಿಸುತ್ತದೆ. ಈ ಪ್ರಶ್ನೆಗಳನ್ನು ಹಿಡಿದುಕೊಂಡು ಪುಸ್ತಕವನ್ನು ಮತ್ತೆ ಬಿಚ್ಚಿದರೆ ಏನು ಸಿಗುತ್ತದೆ ಎಂದು ನೋಡುವುದಷ್ಟೇ ಈ ಬರಹದ ಉದ್ದೇಶ.

2

ಮೊದಲು ಸಂಗತಿಗಳು. ಲೇವಿ 1902ರಲ್ಲಿ ಟ್ಯೂರಿನ್ನಿನ ಒಂದು ಯೆಹೂದಿ ಮನೆತನದಲ್ಲಿ ಹುಟ್ಟಿದವನು. ಓದಿದ್ದು ವೈದ್ಯಕೀಯ, ಹಿಡಿದದ್ದು ಕುಂಚ. ‘ನ್ಯಾಯ ಮತ್ತು ಸ್ವಾತಂತ್ರ್ಯ’ ಎಂಬ ಫ್ಯಾಸಿಸ್ಟ್ ವಿರೋಧಿ ಗುಂಪಿನವನು. 1935ರಲ್ಲಿ ಅವನನ್ನು ದಕ್ಷಿಣದ ಲುಕಾನಿಯಾ ಪ್ರಾಂತಕ್ಕೆ ಕಳಿಸಿದರು. ಮೊದಲು ಗ್ರಾಸಾನೋ, ಆಮೇಲೆ ಅಲಿಯಾನೋ. ಪುಸ್ತಕದಲ್ಲಿ ಈ ಎರಡನೆಯ ಊರಿಗೆ ಗಾಲಿಯಾನೋ ಎಂಬ ಹೆಸರಿದೆ. ಮುಸೊಲಿನಿಯ ಸೈನ್ಯ ಇಥಿಯೋಪಿಯಾವನ್ನು ಗೆದ್ದ ಸಂಭ್ರಮದಲ್ಲಿ 1936ರ ಮೇ ತಿಂಗಳಲ್ಲಿ ಕ್ಷಮಾದಾನ ಸಿಕ್ಕಿತು. ಆಫ್ರಿಕದ ಕಪ್ಪು ಜನರ ಸ್ವಾತಂತ್ರ್ಯ ಹೋದದ್ದರಿಂದ ಅವನಿಗೆ ಸ್ವಾತಂತ್ರ್ಯ ಬಂತು. ಈ ವ್ಯಂಗ್ಯವನ್ನು ಮರೆಯಬಾರದು.

ಪುಸ್ತಕದ ಹೆಸರು ರೈತರ ಮಾತಿನಿಂದಲೇ ಬಂದದ್ದು. ಅವರ ಭಾಷೆಯಲ್ಲಿ ‘ಕ್ರಿಶ್ಚಿಯನ್’ ಎಂದರೆ ಮನುಷ್ಯ ಎಂದರ್ಥ. ನಾವು ಕ್ರಿಶ್ಚಿಯನ್ನರಲ್ಲ, ಕ್ರಿಸ್ತ ಎಬೋಲಿಯಲ್ಲೇ ನಿಂತ, ರೈಲು ಮತ್ತು ರಸ್ತೆ ನಮ್ಮ ಕಡೆ ತಿರುಗುವ ಮೊದಲೇ ನಿಂತುಬಿಟ್ಟ ಎಂದು ಅವರು ಹೇಳಿಕೊಳ್ಳುತ್ತಾರೆ. ತಾವು ಮನುಷ್ಯರ ಲೆಕ್ಕದಲ್ಲಿಲ್ಲ ಎಂದು ತಮ್ಮ ಬಾಯಿಂದಲೇ ಹೇಳಿಕೊಳ್ಳುವ ಒಂದು ಸಮುದಾಯ. ಇದನ್ನು ಓದಿದಾಗ ನಮ್ಮ ಎದೆಯಲ್ಲಿ ಏನೋ ಕದಲುತ್ತದೆ. ಇವರು ನಮ್ಮವರೇ ಎಂದು ಅನ್ನಿಸಿಬಿಡುತ್ತದೆ. ಅಲ್ಲಿಯೇ ಎಚ್ಚರವಾಗಿರಬೇಕು.

ಯಾಕೆಂದರೆ ಗಾಲಿಯಾನೋದಲ್ಲಿ ಇರುವುದು ಎರಡು ವರ್ಗ. ಮೇಲೆ ಶ್ರೀಮಂತರು, ಅಂದರೆ ಊರಿನ ಮುಖ್ಯಸ್ಥನೂ ಶಾಲಾ ಮಾಸ್ತರನೂ ಆದ ಮಗಲೋನೆ, ಔಷಧ ಗೊತ್ತಿಲ್ಲದ ಇಬ್ಬರು ಮುದಿ ಡಾಕ್ಟರರು, ತೆರಿಗೆಯವರು. ಕೆಳಗೆ ರೈತರು. ರೈತರಿಗೆ ಮಲೇರಿಯಾ ಇದೆ, ಸಾಲ ಇದೆ, ಆಡಿನ ಮೇಲೂ ತೆರಿಗೆ ಇದೆ. ಆದರೆ ಆ ರೈತರ ಕೆಳಗೆ, ಅವರು ಮುಟ್ಟದ ಇನ್ನೊಂದು ಜನ ಇಲ್ಲ. ಊರ ಕಾರಂಜಿಯ ಹತ್ತಿರ ಎಲ್ಲ ಹೆಂಗಸರೂ ಒಟ್ಟಿಗೆ ನಿಲ್ಲುತ್ತಾರೆ, ಪೀಪಾಯಿ ತುಂಬಿ ತಲೆಯ ಮೇಲೆ ಹೊತ್ತು ನಡೆಯುತ್ತಾರೆ. ಆಯಿಯ ಪ್ರಶ್ನೆಗೆ ಉತ್ತರ ಅಲ್ಲಿದೆ. ಅಲ್ಲಿಯ ನೀರಿಗೆ ಸರತಿ ಇದೆ, ಜಾತಿ ಇಲ್ಲ.

ನಮ್ಮ ಕನ್ನಡದಲ್ಲಿ ‘ರೈತ’ ಎಂಬ ಪದವನ್ನು ಬಹಳ ಸಲೀಸಾಗಿ ಬಳಸುತ್ತೇವೆ. ನೇಗಿಲ ಹಿಡಿದವನೇ ಈ ನಾಡಿನ ಕೊನೆಯ ಮನುಷ್ಯ ಎಂದು ನಮ್ಮ ನವೋದಯದಿಂದ ಹಿಡಿದು ಎಷ್ಟೋ ಬಂಡಾಯದ ಬರಹಗಳ ತನಕ ನಂಬಿಕೊಂಡು ಬಂದಿದೆ. ಆದರೆ ನೇಗಿಲ ಹಿಡಿದವನ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುವವಳು, ಶೇಂಗಾ ಕೀಳುವವಳು ಅವನ ಬಾವಿಗೆ ಇಳಿಯುವ ಹಾಗಿರಲಿಲ್ಲ. 1948ರ ನವೆಂಬರ 4ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಹಳ್ಳಿಯ ಬಗ್ಗೆ ಅಷ್ಟು ಕಟುವಾಗಿ ಮಾತಾಡಿದ್ದು ಇದೇ ಕಾರಣಕ್ಕೆ. ಹಳ್ಳಿಯ ಭಕ್ತರಿಗೆ ಇವತ್ತಿಗೂ ಆ ಮಾತು ನುಂಗಲಾರದ ತುತ್ತು. ಲೇವಿಯ ‘ರೈತ’ನನ್ನು ಕನ್ನಡಕ್ಕೆ ತರುವಾಗ ನಮ್ಮ ಪ್ರಗತಿಪರ ಗೆಳೆಯರು ಅವನನ್ನು ನೇರ ನಮ್ಮ ಒಕ್ಕಲು ಮನೆಗೆ ಕರೆದೊಯ್ಯುತ್ತಾರೆ. ಒಮ್ಮೆ ಕೇರಿಗೂ ಕರೆದು ತಂದು ನೋಡಲಿ.

ನಮ್ಮ ಭಾಗದ ಚರಿತ್ರೆಯೇ ಇದಕ್ಕೆ ಸಾಕ್ಷಿ. 1974ರ ಭೂಸುಧಾರಣೆ ಉಳುವವನೇ ಹೊಲದೊಡೆಯ ಎಂದಿತು. ಆದರೆ ಅದು ಕೊಟ್ಟದ್ದು ಗೇಣಿದಾರನಿಗೆ. ಗೇಣಿಯ ಚೀಟಿಯೂ ಇಲ್ಲದ ಕೂಲಿಯವನಿಗೆ ಅದರಲ್ಲಿ ಏನಿತ್ತು? 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಎದ್ದರು, ಗೋಲಿಬಾರು ಆಯಿತು, ಸರಕಾರ ನಡುಗಿತು. ಅದು ದೊಡ್ಡ ಹೋರಾಟ, ನಾನು ಅದನ್ನು ಸಣ್ಣದು ಮಾಡುತ್ತಿಲ್ಲ. ಆದರೆ ನೀರಿನ ಕರ, ಅಭಿವೃದ್ಧಿ ಕರ ಕಟ್ಟಬೇಕಾದವನು ಹೊಲ ಇದ್ದವನು. ಹೊಲವೇ ಇಲ್ಲದವನ ಬೇಡಿಕೆ ಆ ಪಟ್ಟಿಯಲ್ಲಿ ಎಷ್ಟನೆಯದು ಎಂದು ಕೇಳಿದರೆ ಅದು ಚಳವಳಿಗೆ ಮಾಡುವ ದ್ರೋಹವೇ?

3

ಈಗ ‘ಗಡಿಪಾರು’ ಎಂಬ ಮಾತಿಗೆ ಬರೋಣ. ಲೇವಿಗೆ ಆದ ಶಿಕ್ಷೆಗೆ ಇಟಾಲಿಯನ್ನಿನಲ್ಲಿ ‘ಕಾನ್‌ಫಿನೋ’ ಎನ್ನುತ್ತಾರೆ. ಕೋರ್ಟು ಇಲ್ಲ, ವಿಚಾರಣೆ ಇಲ್ಲ, ಒಂದು ಸಮಿತಿಯ ಆದೇಶ ಸಾಕು. ಊರ ಗೋರಿಗಳ ತನಕ ಅಡ್ಡಾಡಬಹುದು, ಅದರಾಚೆ ಹೆಜ್ಜೆ ಇಡುವಂತಿಲ್ಲ. ಕಾಗದಗಳನ್ನು ಬಿಚ್ಚಿ ನೋಡುತ್ತಾರೆ. ನಮ್ಮಲ್ಲಿ ಗಡಿಪಾರು ಎಂದರೆ ಇದರ ತಿರುವು. ಪೊಲೀಸ್ ಕಾಯಿದೆಯ ಪ್ರಕಾರ ಒಬ್ಬನನ್ನು ಜಿಲ್ಲೆಯಿಂದ ಹೊರಗೆ ಹಾಕುತ್ತಾರೆ. ಅಲ್ಲಿ ಒಳಗೆ ಕೂಡಿಹಾಕಿದರು, ಇಲ್ಲಿ ಹೊರಗೆ ನೂಕುತ್ತಾರೆ. ಎರಡೂ ಸರಕಾರದ ಕೆಲಸ, ಎರಡಕ್ಕೂ ಕಾಗದ ಇದೆ, ಅವಧಿ ಇದೆ.

ಆದರೆ ಕಾಗದವೂ ಇಲ್ಲದ, ಅವಧಿಯೂ ಇಲ್ಲದ ಇನ್ನೊಂದು ಗಡಿಪಾರು ನಮ್ಮಲ್ಲಿದೆ. ಅದರ ಹೆಸರು ಬಹಿಷ್ಕಾರ. ಅದನ್ನು ಹಾಕುವುದು ಸರಕಾರ ಅಲ್ಲ, ಊರು. ಕಿರಾಣಿ ಅಂಗಡಿಯವನು ಸಾಮಾನು ಕೊಡುವುದಿಲ್ಲ, ಗಿರಣಿಯವನು ಜೋಳ ಬೀಸಿಕೊಡುವುದಿಲ್ಲ, ಹೊಲಕ್ಕೆ ಕೂಲಿ ಕರೆಯುವುದಿಲ್ಲ, ದನ ಬಿಡಲು ದಾರಿ ಇಲ್ಲ. ನಮ್ಮ ಭಾಗದ ಒಂದೂರಿನಲ್ಲಿ, ಊರ ಹೆಸರು ಇಲ್ಲಿ ಬೇಡ, ನನ್ನ ಸೋದರಮಾವನ ಮನೆಯವರು ಹಬ್ಬದಲ್ಲಿ ಹಲಗಿ ಬಾರಿಸುವುದಿಲ್ಲ ಎಂದದ್ದಕ್ಕೆ ಎರಡು ತಿಂಗಳು ಹೀಗೆ ಕಳೆದರು. ಮಾವ ಸೈಕಲ್ಲಿನ ಮೇಲೆ ಬೇರೆ ಊರಿಗೆ ಹೋಗಿ ಎಣ್ಣೆ, ಬೆಲ್ಲ ತರುತ್ತಿದ್ದ. ಅವನು ಯಾವ ಪುಸ್ತಕವನ್ನೂ ಬರೆಯಲಿಲ್ಲ.

ಅಂಬೇಡ್ಕರರು ಈ ಪದವನ್ನು ಎಷ್ಟು ತಿಳಿದು ಬಳಸಿದರು ಎಂಬುದನ್ನು ಗಮನಿಸಬೇಕು. 1924ರ ಸಭೆಗೆ ‘ಬಹಿಷ್ಕೃತ ಹಿತಕಾರಿಣಿ’ ಎಂಬ ಹೆಸರು, 1927ರ ಪತ್ರಿಕೆಗೆ ‘ಬಹಿಷ್ಕೃತ ಭಾರತ’ ಎಂಬ ಹೆಸರು. ಒಂದು ಇಡೀ ಭಾರತ ಹೊರಗಿದೆ ಎಂದರು. ಮುಂಬಯಿ ಸರಕಾರ 1928ರಲ್ಲಿ ನೇಮಿಸಿದ ಸ್ಟಾರ್ಟ್ ಸಮಿತಿಯಲ್ಲಿ ಅವರೂ ಸದಸ್ಯರು. ಆಗ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತದ್ದೇ. ದಲಿತರು ಹಕ್ಕು ಕೇಳಿದ ತಕ್ಷಣ ಸವರ್ಣರು ಬಹಿಷ್ಕಾರದ ಆಯುಧ ಎತ್ತುತ್ತಾರೆ, ಕೂಲಿಯ ಮೇಲೆ ಬದುಕುವವನು ಅದರ ಎದುರು ನಿಲ್ಲಲಾರ ಎಂದು ಆ ಸಮಿತಿ ಕಂಡುಕೊಂಡಿತು. ದುಂಡು ಮೇಜಿನ ಪರಿಷತ್ತಿನಲ್ಲಿ ಅಂಬೇಡ್ಕರ್ ಮತ್ತು ಆರ್. ಶ್ರೀನಿವಾಸನ್ ಬಹಿಷ್ಕಾರವನ್ನೇ ಅಪರಾಧ ಮಾಡಬೇಕೆಂದು ಕೇಳಿದರು. ಅದಕ್ಕೆ ಮಾದರಿಯಾಗಿ ಬರ್ಮಾದ 1922ರ ಬಹಿಷ್ಕಾರ ವಿರೋಧಿ ಕಾಯಿದೆಯನ್ನು ತೋರಿಸಿದರು.

ಹಾಗಾದರೆ ಗಡಿಪಾರಾದವನ ಸಾಹಿತ್ಯ ಎಂದು ಒಂದು ವಿಭಾಗ ಮಾಡಿ ಅದರಲ್ಲಿ ಲೇವಿಯನ್ನು ಇಡುವವರು, ಬಹಿಷ್ಕೃತನ ಬರಹವನ್ನು ಯಾವ ಕಪಾಟಿನಲ್ಲಿ ಇಡುತ್ತಾರೆ? ಗಡಿಪಾರಾದವನಿಗೆ ಹಿಂದಿರುಗಲು ಒಂದು ಟ್ಯೂರಿನ್ ಇದೆ. ಬಹಿಷ್ಕೃತನಿಗೆ ಹಿಂದಿರುಗಲು ಊರೇ ಇಲ್ಲ, ಅವನು ಊರಿನ ಮುಂದೆಯೇ ಇದ್ದಾನೆ. ಆಯಿ ಇದನ್ನು ತನ್ನ ಮಾತಿನಲ್ಲಿ ಹೇಳಿದಳು: ‘ಅಂವಗ ಹತ್ತು ತಿಂಗಳ ಹೊರಗ ಹಾಕಿದ್ರು. ನಾವು ಹುಟ್ಟಿದಾಗಿಂದ ಹೊರಗ ಅದೀವಿ. ನಮಗ ಯಾರ ಮಾಫಿ ಕೊಡಬೇಕು?’

4

ಪುಸ್ತಕದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಜೂಲಿಯಾ ಎಂಬ ಹೆಂಗಸು. ಆ ಊರಿನ ಕಟ್ಟಳೆಯಂತೆ ಒಂಟಿ ಗಂಡಸಿನ ಮನೆಗೆ ಮಾನವಂತ ಹೆಂಗಸು ಕಾಲಿಡುವ ಹಾಗಿಲ್ಲ. ಆದ್ದರಿಂದ ಅವನ ಮನೆಗೆಲಸಕ್ಕೆ ಬರಬಲ್ಲವಳು, ಊರು ಯಾರ ಮಾನವನ್ನು ಆಗಲೇ ಲೆಕ್ಕದಿಂದ ತೆಗೆದಿದೆಯೋ ಅಂಥವಳು ಮಾತ್ರ. ಜೂಲಿಯಾ ಹದಿನೇಳು ಸಲ ಗರ್ಭಿಣಿಯಾದವಳು, ಬೇರೆ ಬೇರೆ ಗಂಡಸರಿಂದ. ಮಾಟ ಬಲ್ಲವಳು. ನೀರು ತರುವವಳು ಅವಳು, ಒಲೆ ಹಚ್ಚುವವಳು ಅವಳು, ಊರಿನ ಗುಟ್ಟುಗಳನ್ನು ಅವನಿಗೆ ಕಲಿಸುವವಳೂ ಅವಳೇ. ಆಯಿಯ ಪ್ರಶ್ನೆಗೆ ಇಲ್ಲಿ ಪೂರ್ತಿ ಉತ್ತರ ಸಿಗುತ್ತದೆ. ಅವನ ಮನೆಗೆ ನೀರು ಬಂದದ್ದು ಜೂಲಿಯಾಳ ತಲೆಯ ಮೇಲೆ.

ಲೇವಿ ಅವಳ ಚಿತ್ರ ಬರೆಯಬೇಕೆಂದ. ಅವಳು ಒಪ್ಪಲಿಲ್ಲ. ಚಿತ್ರ ಬರೆದವನ ವಶಕ್ಕೆ ತಾನು ಹೋಗುತ್ತೇನೆ ಎಂಬ ಭಯ ಅವಳಿಗೆ. ಮಾಟವನ್ನು ಮೀರಿಸುವುದು ಅದಕ್ಕಿಂತ ದೊಡ್ಡ ಬಲ ಮಾತ್ರ, ಆ ಬಲ ಹಿಂಸೆ ಎಂದು ಲೇವಿ ಲೆಕ್ಕ ಹಾಕುತ್ತಾನೆ. ಹೊಡೆಯುವುದಾಗಿ ಹೆದರಿಸಿ ಕೈ ಎತ್ತುತ್ತಾನೆ. ಬರೀ ಎತ್ತಿದ್ದಕ್ಕಿಂತ ಹೆಚ್ಚೇ ಆಗಿರಬಹುದೆಂದು ಅವನೇ ಸೂಚಿಸುತ್ತಾನೆ. ಅವಳ ಮುಖದಲ್ಲಿ ಆನಂದ ಕಂಡಿತು ಎಂದೂ ಬರೆಯುತ್ತಾನೆ. ಆಮೇಲೆ ಅವಳು ಕೂತಳು, ಅವನು ಚಿತ್ರ ಬರೆದ.

ಈ ಪುಟವನ್ನು ದಾಟಿ ಮುಂದೆ ಹೋಗುವುದು ನನ್ನಿಂದ ಆಗಲಿಲ್ಲ. ಫ್ಯಾಸಿಸಂ ವಿರುದ್ಧ ಜೈಲಿಗೆ ಹೋದವನ ಕೈ, ತನಗೆ ನೀರು ಹೊತ್ತು ತಂದವಳ ಮೇಲೆ ಎದ್ದಿತು. ಅವಳು ‘ಒಲ್ಲೆ’ ಎಂದದ್ದನ್ನು ಅವನು ಮೂಢನಂಬಿಕೆ ಎಂದು ಓದಿದ. ನಾನು ಅದನ್ನು ಹಕ್ಕು ಎಂದು ಓದುತ್ತೇನೆ. ನನ್ನ ಮುಖವನ್ನು ನೀನು ತೆಗೆದುಕೊಂಡು ಹೋಗಬೇಡ ಎಂದು ಹೇಳುವ ಹಕ್ಕು. ಮುಖವನ್ನು ತೆಗೆದುಕೊಂಡವನು ಆಮೇಲೆ ಅದಕ್ಕೆ ಬೇಕಾದ ಅರ್ಥ ಕೊಡುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ಹೊಡೆತಕ್ಕೆ ಅವಳು ಸಂತೋಷಪಟ್ಟಳು ಎಂಬ ಸಾಲನ್ನು ಬರೆದದ್ದು ಹೊಡೆದವನೇ ತಾನೆ? ಅವಳ ಸಾಕ್ಷಿ ಎಲ್ಲಿದೆ?

ಇದು ಲೇವಿಯೊಬ್ಬನ ದೋಷ ಅಲ್ಲ. ನಮ್ಮಲ್ಲಿಯೂ ದಲಿತರ ಬಗ್ಗೆ ಬರೆದ ದೊಡ್ಡ ಕೃತಿಗಳಿವೆ. 1933ರಲ್ಲಿ ಬಂದ ಕಾರಂತರ ‘ಚೋಮನ ದುಡಿ’ಯನ್ನು ನಾನು ಕಡೆಗಣಿಸಲಾರೆ. ಹೊಲದ ಆಸೆ ದಲಿತನಿಗೂ ಇದೆ ಎಂದು ಅಷ್ಟು ಮೊದಲೇ ಕಂಡ ಕಾದಂಬರಿ ಅದು. ಆದರೆ ಬೆಳ್ಳಿ ಏನನ್ನು ‘ಒಲ್ಲೆ’ ಎಂದಳು, ಯಾಕೆ ಎಂದಳು ಎಂದು ಕೇಳುವ ಓದು ಬರಲು ದಲಿತ ಹೆಣ್ಣುಮಕ್ಕಳು ಓದು ಕಲಿಯಬೇಕಾಯಿತು. ಸಹಾನುಭೂತಿ ಒಳ್ಳೆಯದು. ಆದರೆ ಸಹಾನುಭೂತಿಯ ಕೈಯಲ್ಲಿಯೂ ಕುಂಚ ಇರುತ್ತದೆ, ಕೂತುಕೋ ಎನ್ನುವ ಅಧಿಕಾರ ಇರುತ್ತದೆ.

5

ಇನ್ನೊಂದು ಕಡೆ ಲೇವಿ ರೈತರ ಗೋಡೆಗಳನ್ನು ನೋಡುತ್ತಾನೆ. ಪ್ರತಿ ಮನೆಯಲ್ಲೂ ಎರಡು ಚಿತ್ರ: ವಿಜ್ಜಾನೋದ ಕಪ್ಪು ಮುಖದ ಮಾತೆ, ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್. ರಾಜನ ಚಿತ್ರ ಇಲ್ಲ, ಮುಸೊಲಿನಿಯ ಚಿತ್ರ ಇಲ್ಲ. ಲೇವಿ ಈ ಇಬ್ಬರನ್ನೂ ದೇವರೆಂದು ಓದುತ್ತಾನೆ, ಒಬ್ಬಳು ಭೂಮಿಯ ದೇವತೆ, ಒಬ್ಬ ಆಕಾಶದ ದೇವರು. ಓದು ಚೆಂದ ಇದೆ. ಆದರೆ ನಮ್ಮ ಕೇರಿಯ ಗೋಡೆ ನೋಡಿದವನಿಗೆ ಇದು ಸಾಲದು. ನಮ್ಮಲ್ಲಿಯೂ ಒಂದು ಕಡೆ ಎಲ್ಲವ್ವನೋ ದುರಗವ್ವನೋ, ಇನ್ನೊಂದು ಕಡೆ ನೀಲಿ ಕೋಟಿನ ಬಾಬಾಸಾಹೇಬರು. ಹೊರಗಿನಿಂದ ಬಂದವನು ಎರಡಕ್ಕೂ ಒಂದೇ ಊದುಬತ್ತಿ ಹಚ್ಚಿದ್ದನ್ನು ಕಂಡು ಎರಡೂ ದೇವರು ಎನ್ನುತ್ತಾನೆ. ಆದರೆ ಹುಡುಗ ಶಾಲೆ ಬಿಟ್ಟಾಗ ಅವ್ವ ಬೈಯುವುದು ಯಾರ ಹೆಸರು ಹೇಳಿ? ದುರಗವ್ವನ ಹೆಸರು ಹೇಳಿ ಅಲ್ಲ. ಅಲಿಯಾನೋದ ರೈತ ಕೂಡ ಡಾಲರಿನ ಮನಿಆರ್ಡರು ಬರುವ ದೇಶದ ಅಧ್ಯಕ್ಷನನ್ನು ಗೋಡೆಗೆ ಹಾಕಿಕೊಂಡ. ಅದರಲ್ಲಿ ಭಕ್ತಿಯೂ ಇದೆ, ರಾಜಕೀಯ ತೀರ್ಮಾನವೂ ಇದೆ. ರೈತರು ಇತಿಹಾಸದ ಹೊರಗಿದ್ದಾರೆ, ಕಾಲದ ಹೊರಗಿದ್ದಾರೆ ಎಂದು ಲೇವಿ ಮೇಲಿಂದ ಮೇಲೆ ಹೇಳುವಾಗ ಈ ತೀರ್ಮಾನ ಅವನಿಗೆ ಕಾಣುವುದಿಲ್ಲ.

ಇಟಲಿಯ ಕಮ್ಯೂನಿಸ್ಟ್ ವಿಮರ್ಶಕ ಮಾರಿಯೋ ಆಲಿಕಾತಾ 1954ರಲ್ಲಿ ಇದೇ ಆಕ್ಷೇಪ ಎತ್ತಿದ. ದಕ್ಷಿಣದ ಪ್ರಶ್ನೆ ಎಬೋಲಿಯಲ್ಲಿ ನಿಲ್ಲಬಾರದು ಎಂದ. ಯಾಕೆಂದರೆ ಅಷ್ಟೊತ್ತಿಗೆ ದಕ್ಷಿಣದ ರೈತರು ಜಮೀನ್ದಾರರ ಬೀಳು ಭೂಮಿಗೆ ನುಗ್ಗಿದ್ದರು. 1949ರಲ್ಲಿ ಮೆಲಿಸ್ಸಾ ಎಂಬಲ್ಲಿ ಗೋಲಿಬಾರು ಆಗಿ ಜನ ಸತ್ತಿದ್ದರು. ಇತಿಹಾಸದ ಹೊರಗಿದ್ದವರು ಹೀಗೆ ಸಾಯುವುದಿಲ್ಲ. ಆಲಿಕಾತಾನ ಮಾತು ಸರಿ. ಆದರೆ ಅವನಿಗೂ ನಾನು ಒಂದು ಮಾತು ಸೇರಿಸುತ್ತೇನೆ. ರೈತರು ತಮ್ಮದೇ ಕೃತಿ ಬರೆದ ಒಂದು ಜಾಗ ಲೇವಿಯ ಪುಸ್ತಕದೊಳಗೇ ಇದೆ. ಲೇವಿ ವೈದ್ಯ ಮಾಡಬಾರದೆಂದು ಸರಕಾರ ಆದೇಶ ಮಾಡುತ್ತದೆ. ಅನುಮತಿ ಸಿಗುವುದು ತಡವಾಗಿ ಒಬ್ಬ ರೋಗಿ ಸಾಯುತ್ತಾನೆ. ರೈತರು ಕೊಡಲಿ, ಬಂದೂಕು ತೆಗೆಯುತ್ತಾರೆ. ಲೇವಿ ಅವರನ್ನು ಸಮಾಧಾನ ಮಾಡುತ್ತಾನೆ. ಆಗ ಅವರು ಒಂದು ಆಟ ಕಟ್ಟಿ ಅವನ ಬಾಗಿಲಿಗೇ ಬಂದು ಆಡುತ್ತಾರೆ. ಒಳ್ಳೆಯ ಡಾಕ್ಟರ, ಅವನನ್ನು ತಡೆಯುವ ಕಪ್ಪು ವೇಷದವ, ರೋಮಿನ ಹೆಸರು, ಸಾಯುವ ರೋಗಿ. ನಮ್ಮ ಸಣ್ಣಾಟದವರು, ಕಾಮನ ಹುಣ್ಣಿಮೆಗೆ ಸೋಗು ಹಾಕುವವರು ಇದನ್ನು ಕೂಡಲೇ ಗುರುತಿಸುತ್ತಾರೆ. ಬಂದೂಕು ಕೆಳಗಿಟ್ಟವರು ಹಲಗಿ ಎತ್ತಿಕೊಂಡರು. ಇಡೀ ಪುಸ್ತಕದಲ್ಲಿ ಇದಕ್ಕೆ ಸಿಕ್ಕದ್ದು ಕೆಲವೇ ಪುಟ.

6

ಇಷ್ಟು ಬೈದ ಮೇಲೆ ಪುಸ್ತಕವನ್ನು ಪಕ್ಕಕ್ಕೆ ಎಸೆಯಬೇಕೇ? ದಲಿತರ ಬಗ್ಗೆ ದಲಿತರೇ ಬರೆಯಬೇಕು, ಉಳಿದವರದ್ದೆಲ್ಲ ಸುಳ್ಳು ಎನ್ನುವ ಗೆಳೆಯರಿದ್ದಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಅವರ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ ಈ ಪುಸ್ತಕ ಹುಟ್ಟಿದ ರೀತಿಯಲ್ಲೇ ಇದೆ.

ಲೇವಿ ಗಡಿಪಾರಾದದ್ದು 1935–36ರಲ್ಲಿ. ಪುಸ್ತಕ ಬರೆದದ್ದು 1943–44ರಲ್ಲಿ, ಫ್ಲಾರೆನ್ಸಿನಲ್ಲಿ, ಒಂದು ಮನೆಯಲ್ಲಿ ಅಡಗಿ ಕೂತು. ಪ್ರಕಟವಾದದ್ದು 1945ರಲ್ಲಿ. ಈ ನಡುವೆ 1938ರಲ್ಲಿ ಇಟಲಿ ಜನಾಂಗೀಯ ಕಾಯಿದೆ ಮಾಡಿತು. 1943ರಲ್ಲಿ ಜರ್ಮನರು ಬಂದರು, ಯೆಹೂದಿಗಳನ್ನು ಹುಡುಕಿ ಹುಡುಕಿ ಸಾಗಿಸಿದರು. ಅಂದರೆ, 1935ರಲ್ಲಿ ಅವನನ್ನು ಹಿಡಿದದ್ದು ಅವನ ವಿಚಾರಕ್ಕೆ. 1943ರಲ್ಲಿ ಹುಡುಕುತ್ತಿದ್ದದ್ದು ಅವನ ಹುಟ್ಟಿಗೂ ಸೇರಿ. ವಿಚಾರವನ್ನು ಮನುಷ್ಯ ಬದಲಿಸಬಹುದು, ಮುಚ್ಚಿಡಬಹುದು. ಹುಟ್ಟನ್ನು ಏನು ಮಾಡುವುದು? ಮೊದಲನೆಯ ಗಡಿಪಾರಿನ ಕಥೆಯನ್ನು ಅವನು ಎರಡನೆಯ ಗಡಿಪಾರಿನೊಳಗೆ ಕೂತು ಬರೆದ. ಪುಸ್ತಕದಲ್ಲಿ ತನ್ನ ಯೆಹೂದಿತನದ ಬಗ್ಗೆ ಅವನು ಹೆಚ್ಚು ಮಾತಾಡುವುದಿಲ್ಲ. ಆದರೆ ಮನುಷ್ಯರ ಲೆಕ್ಕದಲ್ಲಿ ನಾವಿಲ್ಲ ಎಂಬ ರೈತರ ಮಾತನ್ನು ಅವನು ಪುಸ್ತಕದ ತಲೆಗೇ ಏಕೆ ಇಟ್ಟ ಎಂಬುದಕ್ಕೆ ಈ ಅಡಗುಮನೆಯೇ ಉತ್ತರ ಎಂದು ನನಗನ್ನಿಸುತ್ತದೆ. ಹುಟ್ಟಿನ ಕಾರಣಕ್ಕೆ ಹೊರಗಾಗುವುದು ಏನೆಂದು ಗೊತ್ತಾದ ಮೇಲೆ ಅವನಿಗೆ ಅಲಿಯಾನೋ ಮತ್ತೆ ಕಂಡಿತು. ಜೂಲಿಯಾಳ ಮೇಲೆ ಎತ್ತಿದ ಕೈಯನ್ನು ಅವನು ಮುಚ್ಚಿಡದೆ ಬರೆದದ್ದೂ ನಮಗೆ ಉಪಯೋಗಕ್ಕೆ ಬಂತು. ಅವನು ಬರೆದಿದ್ದರಿಂದಲೇ ನಾವು ಅವನನ್ನು ಪ್ರಶ್ನಿಸುತ್ತಿದ್ದೇವೆ.

ಹಾಗಾಗಿ ಹೊರಗಿನವನು ಬರೆಯಬಾರದು ಎಂದಲ್ಲ. ಹೊರಗಿನವನು ಬರೆದಲ್ಲಿಗೆ ನಿಲ್ಲಬಾರದು ಎಂದು. ಲೇವಿಯ ಪಕ್ಕದಲ್ಲಿ ಇಡಬೇಕಾದ ಹೆಸರು ರೊಕ್ಕೋ ಸ್ಕೊತೆಲ್ಲಾರೋ. 1923ರಲ್ಲಿ ಅದೇ ಲುಕಾನಿಯಾದ ತ್ರಿಕಾರಿಕೋದಲ್ಲಿ ಹುಟ್ಟಿದವನು, ಚಪ್ಪಲಿ ಹೊಲಿಯುವವನ ಮಗ. 1946ರಲ್ಲಿ, ಇಪ್ಪತ್ಮೂರನೆಯ ವಯಸ್ಸಿಗೆ, ತನ್ನ ಊರಿನ ಮೇಯರ ಆದ. ರೈತರ ಭೂಮಿ ಹೋರಾಟದಲ್ಲಿ ನಿಂತ. 1950ರಲ್ಲಿ ಸುಳ್ಳು ಆಪಾದನೆ ಹೊರಿಸಿ ಜೈಲಿಗೆ ಹಾಕಿದರು, ಆಮೇಲೆ ನಿರ್ದೋಷಿ ಎಂದು ಬಿಟ್ಟರು. 1953ರಲ್ಲಿ, ಮೂವತ್ತು ತುಂಬಿದ್ದಷ್ಟೇ, ಸತ್ತುಹೋದ. ಅವನು ಮಾಡುತ್ತಿದ್ದ ಕೆಲಸ ರೈತರ ಬದುಕನ್ನು ಅವರ ಬಾಯಿಂದಲೇ ಹೇಳಿಸಿ ಬರೆದಿಡುವುದು. ‘ದಕ್ಷಿಣದ ರೈತರು’ ಎಂಬ ಆ ಪುಸ್ತಕ ಅಪೂರ್ಣವಾಗಿಯೇ 1954ರಲ್ಲಿ ಬಂತು. ಅವನ ಕವಿತೆಗಳನ್ನು ಸತ್ತ ಮೇಲೆ ಸೇರಿಸಿ ಹೊರತಂದವನು ಲೇವಿಯೇ. ಹೊರಗಿನವನು ಮಾಡಬಹುದಾದ ಒಳ್ಳೆಯ ಕೆಲಸ ಇದು. ಆದರೆ ಲೋಕಕ್ಕೆ ಗೊತ್ತಿರುವುದು ಲೇವಿ. 1979ರಲ್ಲಿ ಫ್ರಾಂಚೆಸ್ಕೋ ರೋಸಿ ಸಿನೆಮಾ ಮಾಡಿದ್ದೂ ಲೇವಿಯ ಪುಸ್ತಕವನ್ನೇ. ಚಪ್ಪಲಿ ಹೊಲಿಯುವವನ ಮಗನ ಹೆಸರನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೆ?

7

ನಮ್ಮ ಸುತ್ತಲೂ ಇದೇ ಕೆಲಸ ಬಾಕಿ ಬಿದ್ದಿದೆ. 1942ರ ಚಳವಳಿಯಲ್ಲಿ ಭೂಗತರಾಗಿ ಹಳ್ಳಿಗಳಲ್ಲಿ ಅಡಗಿ ಹೋರಾಡಿದವರಲ್ಲಿ ಮೈಲಾರ ಮಹದೇವಪ್ಪನವರ ಹೆಸರು ಎಲ್ಲರಿಗೂ ಗೊತ್ತು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು ಅವರೊಬ್ಬರೇ ಅಲ್ಲ. ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಅವರೂ ಸತ್ತರು. ತಿರಕಪ್ಪನವರ ಬದುಕಿನ ಬಗ್ಗೆ ನಮ್ಮ ಎಷ್ಟು ವಿದ್ಯಾರ್ಥಿಗಳು ಒಂದು ಪುಟ ಹೇಳಬಲ್ಲರು? 1947–48ರಲ್ಲಿ ನಿಜಾಮನ ರಾಜ್ಯದಿಂದ ಗಡಿ ದಾಟಿ ಬಂದವರು ಮುಂಡರಗಿಯಲ್ಲಿ, ಗಜೇಂದ್ರಗಡದಲ್ಲಿ ಶಿಬಿರ ಹಾಕಿದರು. ಅಳವಂಡಿ ಶಿವಮೂರ್ತಿಸ್ವಾಮಿಯವರಂಥ ನಾಯಕರ ಹೆಸರು ಉಳಿದಿದೆ, ಉಳಿಯಬೇಕು. ಇದು ನಮ್ಮ ನೆಲದ್ದೇ ರಾಜಕೀಯ ಗಡಿಪಾರಿನ ಕಥೆ. ಆ ಶಿಬಿರಗಳಲ್ಲಿ ಯಾರು ಯಾರ ಪಂಕ್ತಿಯಲ್ಲಿ ಉಂಡರು, ಕಟ್ಟಿಗೆ ತಂದವರು ಯಾರು, ನೀರು ಹೊತ್ತವರು ಯಾರು? ನಾನು ಓದಿದ ಬರಹಗಳಲ್ಲಿ ಈ ಪ್ರಶ್ನೆಯೇ ಇಲ್ಲ. ಹುಡುಕಿದರೆ ಹೆಮ್ಮೆಪಡುವ ಉತ್ತರವೂ ಸಿಗಬಹುದು. ಆದರೆ ಕೇಳಬೇಕು.

ಯಳವತ್ತಿಯಿಂದ ಲಕ್ಷ್ಮೇಶ್ವರ ದೂರವಿಲ್ಲ. ಅದು ಹಳೆಯ ಪುಲಿಗೆರೆ. ಕನ್ನಡದ ತಿರುಳು ಇರುವ ಸೀಮೆ ಎಂದು ಕವಿರಾಜಮಾರ್ಗ ಗುರುತಿಸಿದ ಜಾಗಗಳಲ್ಲಿ ಒಂದು. ಒಂಬತ್ತನೆಯ ಶತಮಾನದಿಂದ ಈ ನೆಲದ ಕನ್ನಡ ತಿರುಳು ಕನ್ನಡವೇ. ಆ ತಿರುಳಿನೊಳಗೆ ನಮ್ಮ ಆಯಿಯ ಮಾತು ಸೇರಿದೆಯೇ ಎಂದು ಯಾವ ಪಂಡಿತರೂ ಕೇಳಲಿಲ್ಲ. ಸಿದ್ಧಲಿಂಗಯ್ಯ, ದೇವನೂರ ಮಹಾದೇವ ಬಂದ ಮೇಲೆ, 1994ರಲ್ಲಿ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂದ ಮೇಲೆ ಬಾಗಿಲು ತೆರೆದಿದೆ. ಆದರೂ ನಮ್ಮ ಸೀಮೆಯ ಕೇರಿಗಳು ಇನ್ನೂ ಬೇರೆಯವರ ಸರ್ವೆ, ಬೇರೆಯವರ ಪ್ರಬಂಧಗಳಲ್ಲೇ ಹೆಚ್ಚು ಸಿಗುತ್ತವೆ.

ಕೊನೆಗೆ ನನ್ನ ಮೇಲೂ ಒಂದು ಆಪಾದನೆ ಇದೆ, ಹೇಳಿಬಿಡುತ್ತೇನೆ. ಸಂಬಳದ ನೌಕರಿ ಹಿಡಿದು ಪಟ್ಟಣದಲ್ಲಿದ್ದೇನೆ. ವರ್ಷಕ್ಕೆ ಎರಡು ಸಲ ಊರಿಗೆ ಹೋಗುತ್ತೇನೆ. ಹೋದಾಗ ಕೇರಿಯವರು ಪಿಂಚಣಿ ಅರ್ಜಿ, ಜಾತಿ ಸರ್ಟಿಫಿಕೇಟು, ಬ್ಯಾಂಕಿನ ಪಾಸ್‌ಬುಕ್ಕು ಹಿಡಿದು ಬರುತ್ತಾರೆ. ಲೇವಿಯ ಬಾಗಿಲಿಗೆ ಮಲೇರಿಯಾದವರು ಬಂದ ಹಾಗೆ. ನಾಲ್ಕು ದಿನ ಬರೆದುಕೊಟ್ಟು, ನಾಲ್ಕು ಸಾಲು ಟಿಪ್ಪಣಿ ಮಾಡಿಕೊಂಡು ಬಸ್ಸು ಹತ್ತುತ್ತೇನೆ. ಹುಟ್ಟಿನಿಂದ ಒಳಗಿನವನು ಎಂಬ ಒಂದೇ ಕಾರಣಕ್ಕೆ ನನ್ನ ಕುಂಚ ಪವಿತ್ರ ಆಗುವುದಿಲ್ಲ. ಈ ಬರಹದಲ್ಲಿ ಆಯಿಯ ಮಾತನ್ನು ಹಾಕುವ ಮೊದಲು ಅವಳನ್ನು ಕೇಳಿದೆ. ‘ಹಾಕು, ಆದ್ರ ನನ್ನ ಹೆಸರು ಹಾಕಬ್ಯಾಡ’ ಎಂದಳು. ಜೂಲಿಯಾಳ ‘ಒಲ್ಲೆ’ ನೆನಪಾಯಿತು. ಹೆಸರು ಹಾಕಿಲ್ಲ.

ಅಲಿಯಾನೋ ಈಗ ಪ್ರವಾಸಿಗಳು ಹೋಗುವ ಊರು. 1975ರಲ್ಲಿ ಸತ್ತ ಲೇವಿಯ ಗೋರಿ ಅಲ್ಲೇ ಇದೆ, ಅವನ ಇಚ್ಛೆಯಂತೆ. ಅವನ ಅಕ್ಕ ಕಣ್ಣುಬೇನೆಯ ಮಕ್ಕಳು ಕ್ವಿನೈನ್ ಬೇಡುವುದನ್ನು ಕಂಡ ಮತೇರಾದ ಗುಹೆಮನೆಗಳಿಂದ 1952ರ ಕಾಯಿದೆಯ ನಂತರ ಜನರನ್ನು ಹೊರಗೆ ಸಾಗಿಸಿದರು. 1993ರಲ್ಲಿ ಅವು ವಿಶ್ವ ಪರಂಪರೆಯ ತಾಣವಾದವು, ಈಗ ಅಲ್ಲಿ ಹೋಟೆಲುಗಳಿವೆ. ಬಡವರು ಖಾಲಿ ಮಾಡಿದ ಮೇಲೆ ಬಡತನಕ್ಕೆ ಟಿಕೆಟ್ಟು ಬಂತು. ನಮ್ಮ ಕೇರಿಗಳಿಗೂ ಸಂಶೋಧನೆಯ ಹೆಸರಿನಲ್ಲಿ ಹಾಗಾಗಬಾರದು ಎಂದರೆ ಒಂದು ಕೆಲಸ ಮಾಡಬಹುದು. ಈ ಸಂಚಿಕೆ ಓದುವ ವಿದ್ಯಾರ್ಥಿ ಗೆಳೆಯರು ರಜೆಯಲ್ಲಿ ಊರಿಗೆ ಹೋದಾಗ ಒಬ್ಬ ಆಯಿಯ, ಒಬ್ಬ ಮುತ್ಯಾನ ಬದುಕನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ತಿದ್ದಬೇಡಿ. ಬರೆದದ್ದನ್ನು ಮೊದಲು ಅವರಿಗೇ ಓದಿ ಹೇಳಿ. ಅವರು ಬೇಡ ಎಂದದ್ದನ್ನು ತೆಗೆಯಿರಿ. ಮೊದಲ ಪ್ರಶ್ನೆ ಯಾವುದು ಕೇಳಬೇಕು ಎಂದು ಗೊತ್ತಾಗದಿದ್ದರೆ, ನೀರು ಎಲ್ಲಿಂದ ತರುತ್ತಿದ್ದಿರಿ ಎಂದು ಕೇಳಿ. ಉಳಿದದ್ದನ್ನು ಅವರೇ ಹೇಳುತ್ತಾರೆ.